ಜಟ್ಟಿ ಕುರಾಜಿಯ ಯಕೃತ್ ವಿಜಯ

ರ್ಯೋಗೊಕು ಪೇಟೆಯ ಸುಮೊ ಕುಸ್ತಿಯ ಅಖಾಡ ಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಕುರಾಜಿಯ ಹೊಟ್ಟೆಗೆ ನಿವೃತ್ತಿಯ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಅದರ ದಿನಚರಿ ಇನ್ನೂ ಜಟ್ಟಿಯದೇ: ಬೆಳಗ್ಗೆ ಉಪವಾಸ, ಮಧ್ಯಾಹ್ನ ಕೊಪ್ಪರಿಗೆ ತುಂಬ ಕೋಳಿ ಸಾರು, ಗುಡ್ಡದಷ್ಟು ಅನ್ನ, ಬಿಯರು, ಆಮೇಲೆ ಕೇರಿ ನಡುಗುವ ಗೊರಕೆ. ನಡುವೆ ಇರುತ್ತಿದ್ದ ಕುಸ್ತಿಯೊಂದನ್ನು ಮಾತ್ರ ಕೈಬಿಟ್ಟಿದ್ದ.

ಹೀಗಿರಲು, ಅವನನ್ನು ಸಾಕಿ ಬೆಳೆಸಿದ ಅಕ್ಕ ಫುಸಾನೊಳ ಯಕೃತ್ತು ಕೈಕೊಟ್ಟಿತು. "ನಂದರಲ್ಲಿ ಅರ್ಧ ಕೊಯ್ಕೊಳ್ಳಿ, ಬೇಕಾದಷ್ಟಿದೆ" ಎಂದು ಕುರಾಜಿ ಆಸ್ಪತ್ರೆಯಲ್ಲಿ ಹೊಟ್ಟೆ ತಟ್ಟಿದ. ವೈದ್ಯೆ ಇವಾಸೆ ಅವನ ಸ್ಕ್ಯಾನ್ ನೋಡಿ ನಿಟ್ಟುಸಿರಿಟ್ಟಳು.

"ಇದು ಲಿವರ್ ಅಲ್ಲ ಕುರಾಜಿಯವರೇ, ಬೆಣ್ಣೆ ಮುದ್ದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತ ಪುಟ್ಟ ಪುಟ್ಟ ಒಲೆಗಳಿರ್ತವೆ. ನೀವು ಅವು ಉರಿಸೋದಕ್ಕಿಂತ ಹೆಚ್ಚು ಸೌದೆ ತುರುಕಿದೀರಿ. ಒಲೆ ಕಟ್ಕೊಂಡು ಹೊಗೆಯಾಡ್ತಿವೆ, ಉರೀದೆ ಉಳಿದಿದ್ದೆಲ್ಲ ಕೊಬ್ಬಾಗಿ ಕೂತಿದೆ. ಚಳಿಗಾಲದೊಳಗೆ ಕರಗಿಸ್ಕೊಂಡು ಬನ್ನಿ. ಅದಕ್ಕಿಂತ ತಡ ಆದ್ರೆ ನಿಮ್ಮಕ್ಕ ಉಳಿಯಲ್ಲ."

ಅಕ್ಕ ಹಾಸಿಗೆಯಿಂದಲೇ ನಕ್ಕಳು. "ಹೋಗ್ಲಿ ಬಿಡೋ ತಮ್ಮಾ. ನೀನು ಅನ್ನ ಬಿಡೋದಕ್ಕಿಂತ ನಾನು ಪ್ರಾಣ ಬಿಡೋದೇ ಸುಲಭ."

ಆ ಮಾತು ಚುಚ್ಚಿತು. ಮರುದಿನವೇ ಕುರಾಜಿ ಸುಮಿದಾ ನದಿಯ ದಂಡೆಯಲ್ಲಿ ನಡೆಯಲು ಹೊರಟ. ಬಾತುಕೋಳಿಗಳು ಭೂಕಂಪವೆಂದು ಹಾರಿಹೋದವು. ಅನ್ನದ ಗುಡ್ಡ ದಿಬ್ಬವಾಯಿತು, ದಿಬ್ಬ ಹಿಡಿಯಾಯಿತು, ಬಿಯರು ಗಡೀಪಾರಾಯಿತು. ಬರಬರುತ್ತ ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಒಳಗಿನ ಒಲೆಗಳು ಹೊತ್ತಿಕೊಳ್ಳತೊಡಗಿದ್ದವು.

ಆದರೆ ಮಹಾಯುದ್ಧ ಕಾದಿದ್ದುದು ಅಖಾಡದ ವಾರ್ಷಿಕ ಊಟದಲ್ಲಿ. ಅಲ್ಲಿ ಗುರು ಕೊಟ್ಟ ಬಟ್ಟಲನ್ನು ಬೇಡವೆಂದ ಗಂಡು ಇನ್ನೂ ಹುಟ್ಟಿರಲಿಲ್ಲ. ಮುದಿ ಗುರು ಮತ್ತೊಂದು ಬಟ್ಟಲು ಚಾಚಿದರು.

"ಏನೋ ಇದು, ಗುಬ್ಬಿ ಥರ ಕುಕ್ತಾ ಇದೀಯ? ತಿನ್ನೋ!"

ಸುಮೊ ಕುಸ್ತಿಯಲ್ಲಿ ಕೈ ನೆಲಕ್ಕೆ ತಾಗಿದರೆ ಸೋಲು. ಕುರಾಜಿ ಎರಡೂ ಅಂಗೈ ನೆಲಕ್ಕೂರಿ ಬಾಗಿದ. "ಸಾಕು ಗುರುಗಳೇ. ಈ ಲಿವರ್ ನಂದಲ್ಲ, ನಮ್ಮಕ್ಕಂದು."

ಗುರುಗಳು ಬಟ್ಟಲನ್ನು ತಮ್ಮತ್ತ ಎಳೆದುಕೊಂಡು ತಾವೇ ಬರಿದು ಮಾಡಿದರು. "ಮೊದ್ಲೇ ಬೊಗಳೋಕೇನಾಗಿತ್ತು? ಏಯ್, ಇವನಿಗೆ ಎಲೆಕೋಸು ಹಾಕ್ರೋ!"

ಚಳಿ ಬೀಳುವ ಮುನ್ನ ಇವಾಸೆ ಹೊಸ ಸ್ಕ್ಯಾನ್ ನೋಡಿದಳು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ಕೊಬ್ಬು ಕರಗಿದೆ. ಕೊಯ್ಬಹುದು!"

ಜೀವಮಾನವೆಲ್ಲ ಕೆಳದರ್ಜೆಯಲ್ಲೇ ಹೊರಳಿದ್ದ ಜಟ್ಟಿ ಆಸ್ಪತ್ರೆಯ ಪಡಸಾಲೆಯಲ್ಲಿ, ಕುಸ್ತಿಗಿಳಿಯುವ ಮುನ್ನ ಅಖಾಡದಲ್ಲಿ ಮಾಡುತ್ತಿದ್ದಂತೆ, ಕಾಲೆತ್ತಿ ಧೊಪ್ಪೆಂದು ನೆಲಕ್ಕಪ್ಪಳಿಸಿದ. ನರ್ಸುಗಳ ಕೈಯ ತಟ್ಟೆಗಳು ಖಣಖಣಿಸಿದವು.

ಶಸ್ತ್ರಚಿಕಿತ್ಸೆ ಮುಗಿದ ಕೆಲವು ದಿನಗಳ ಮೇಲೆ, ಪಕ್ಕದ ಮಂಚದಿಂದ ಫುಸಾನೊ ತಮ್ಮನತ್ತ ತಿರುಗಿದಳು.

"ಲೋ, ಸಿಕ್ಕಾಪಟ್ಟೆ ಹಸಿವಾಗ್ತಿದೆ ಕಣೋ. ಹಾಕಿರೋದು ನಿನ್ನ ಲಿವರ್ರೇ, ಅನುಮಾನವೇ ಇಲ್ಲ."