ಪಂಕ್ಚರ್ ಅಂಗಡಿಯ ಚದುರಂಗ

ನನಗೆ ಈ ಕೆಲಸ ಕೊಡಿಸಿದವರು ನನ್ನ ಸೋದರಮಾವ. ಅದೇ ಸಾಗಣೆ ಕಂಪನಿಯಲ್ಲಿ ಮೂವತ್ತೊಂದು ವರ್ಷ ಲಾರಿ ಓಡಿಸಿದವರು, ಮ್ಯಾನೇಜರ್ ಎದುರು ಕೈಕಟ್ಟಿ ನಿಂತು, "ಹುಡುಗ ಓದಿದಾನೆ ಸಾರ್, ಬೇರೇನೂ ಬರಲ್ಲ" ಎಂದರಂತೆ. ಎರಡೂ ಮಾತು ನಿಜವಾದ್ದರಿಂದ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ವಾಹನ ನಿಗಾ ಸಹಾಯಕ. ಅಂದರೆ ತಿರುಗುವ ಕುರ್ಚಿಯಲ್ಲಿ ಕೂತು, ಲಾರಿಗಳು ಪರದೆಯ ಮೇಲೆ ಚುಕ್ಕೆಗಳಾಗಿ ತೆವಳುವುದನ್ನು ನೋಡುವುದು. ಓಡುತ್ತಿದ್ದರೆ ಹಸಿರು, ನಿಂತರೆ ಹಳದಿ, ಒಪ್ಪಿಗೆಯಿಲ್ಲದ ಜಾಗದಲ್ಲಿ ಹತ್ತು ನಿಮಿಷ ದಾಟಿದರೆ ಕೆಂಪು. ಕೆಂಪಾದರೆ ಚಾಲಕರಿಗೆ ಫೋನ್ ಮಾಡಿ ಕಾರಣ ಕೇಳಿ ಬರೆಯಬೇಕು. ಲಾರಿಗೆ ಎಷ್ಟು ಗೇರೆಂದು ಗೊತ್ತಿಲ್ಲದ ನಾನು ಅಪ್ಪನ ವಯಸ್ಸಿನವರನ್ನು "ಯಾಕೆ ನಿಲ್ಲಿಸಿದ್ರಿ?" ಎಂದು ಗದರಿಸುತ್ತಿದ್ದೆ. ಒಬ್ಬರಂತೂ, "ಮೂತ್ರಕ್ಕೆ ಕಣಪ್ಪ. ಬಂದು ಕಾಯ್ತೀಯಾ?" ಎಂದು ಕೇಳಿದ್ದರು.

ಮಾವನಿಗೆ ತಿಂಗಳಲ್ಲಿ ಇಪ್ಪತ್ತೆರಡು ದಿನ ರಸ್ತೆಯೇ ಮನೆ. ಸೀಟಿನ ಹಿಂದಿನ ಹಲಗೆಯೇ ಮಂಚ. ಡ್ಯಾಶ್‌ಬೋರ್ಡಿನ ಮೇಲೆ ಆಯಿಲ್ ಡಬ್ಬಿಯಲ್ಲಿ ಪುದೀನ ಬೆಳೆಸಿದ್ದರು. ಒಗೆದ ಬನಿಯನ್ನನ್ನು ಕನ್ನಡಿಯ ಕಂಬಿಗೆ ಕಟ್ಟಿ, "ಎಪ್ಪತ್ತು ಕಿಲೋಮೀಟರಲ್ಲಿ ಒಣಗುತ್ತೆ" ಎನ್ನುತ್ತಿದ್ದರು. ಒಣಗಲು ಎಷ್ಟು ಹೊತ್ತು ಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಎಷ್ಟು ದೂರ ಬೇಕೆಂದು ಗೊತ್ತಿತ್ತು. ಸರಕು ಇಳಿಸುವುದು ತಡವಾದರೆ ಗೋದಾಮಿನ ಹಿಂದಿನ ಕೆರೆಗೆ ಗಾಳ ಹಾಕಿ ಕೂರುತ್ತಿದ್ದರು. ಮೀನು ಸಿಕ್ಕಿದ್ದು ಕಡಿಮೆ, ನಿದ್ದೆ ಸಿಕ್ಕಿದ್ದು ಜಾಸ್ತಿ. "ನಿಮ್ಮ ಮಾವನಿಗೆ ಮನೆ ಅಂದ್ರೆ ಬಟ್ಟೆ ಬದಲಾಯಿಸೋ ನಿಲ್ದಾಣ" ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಆದರೆ ಅವರ ಜೀವ ಇದ್ದದ್ದು ಚದುರಂಗದಲ್ಲಿ. ಹೆದ್ದಾರಿಯ ನಡುದಾರಿಯಲ್ಲೊಂದು ಪಂಕ್ಚರ್ ಅಂಗಡಿ. ಅಲ್ಲಿ ಹಳೆಯ ಬಾಗಿಲ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಮಣೆ. ರಾಜನೆಂದರೆ ಉದ್ದನೆಯ ಬೋಲ್ಟು, ಮಂತ್ರಿ ಎಂಜಿನ್ನಿನ ವಾಲ್ವು, ಕಾಲಾಳುಗಳೆಲ್ಲ ನಟ್ಟುಗಳು. ಎದುರಾಳಿ ಬೇರೆ ಕಂಪನಿಯ ಟ್ಯಾಂಕರ್ ಓಡಿಸುವವರು, ಹದಿನೈದು ದಿನಕ್ಕೊಮ್ಮೆ ಆ ದಾರಿಯಲ್ಲಿ ಬರುವವರು. ಬಂದವರು ಒಂದೇ ನಡೆ ನಡೆಸಿ, ಸೋಡಾ ಮುಚ್ಚಳವನ್ನು ಎದುರಾಳಿಯ ಕಡೆಗೆ ಸರಿಸಿ ಹೋಗಬೇಕು. ಮುಚ್ಚಳ ಯಾರ ಕಡೆಗಿದೆಯೋ ಅವರ ಸರದಿ. ಒಂದು ಆಟ ಮುಗಿಯಲು ಎರಡು ವರ್ಷ. ಒಂಬತ್ತು ವರ್ಷಗಳಲ್ಲಿ ಇಬ್ಬರೂ ಮುಖಾಮುಖಿಯಾದದ್ದು ಎರಡೇ ಸಲ. ಇಬ್ಬರೂ ತಲಾ ಎರಡು ಆಟ ಗೆದ್ದಿದ್ದರು. ಐದನೆಯದು ನಡೆಯುತ್ತಿತ್ತು. ಮಾವನ ನಿವೃತ್ತಿಗೆ ಉಳಿದದ್ದು ಹದಿನಾಲ್ಕು ತಿಂಗಳು. "ಇದೊಂದು ಮುಗಿಸಿ ಇಳಿದುಬಿಡ್ತೀನಿ" ಎನ್ನುತ್ತಿದ್ದರು.

ನಾನೂ ಜಿಪಿಎಸ್ಸೂ ಒಂದೇ ತಿಂಗಳು ಕಂಪನಿಗೆ ಸೇರಿದೆವು. ಮೊದಲ ವಾರವೇ ಮಾವನ ಲಾರಿ ಪಂಕ್ಚರ್ ಅಂಗಡಿಯ ಮುಂದೆ ಕೆಂಪಾಯಿತು. ಫೋನ್ ಮಾಡಿದೆ.

"ಮಾವ, ಯಾಕೆ ನಿಲ್ಲಿಸಿದ್ರಿ?"

"ಕುದುರೆ ಇಕ್ಕಟ್ಟಲ್ಲಿದೆ. ಯೋಚಿಸ್ತಿದೀನಿ, ಇಡು."

ನನ್ನ ಪರದೆಯಲ್ಲಿ ಕಾರಣಗಳ ಪಟ್ಟಿ ಸಿದ್ಧವಾಗಿರುತ್ತದೆ. ಊಟ, ಶೌಚ, ಟ್ರಾಫಿಕ್ ಜಾಮ್, ಟೈರು ತಪಾಸಣೆ. ಕುದುರೆಯ ಇಕ್ಕಟ್ಟು ಅದರಲ್ಲಿಲ್ಲ. ಜಾಗವೇ ಪಂಕ್ಚರ್ ಅಂಗಡಿ, ಹಾಗಾಗಿ 'ಟೈರು ತಪಾಸಣೆ' ಒತ್ತಿದೆ. ಪಕ್ಕದಲ್ಲಿ 'ಚಾಲಕರ ಹೇಳಿಕೆ' ಎಂದು ತಾನಾಗಿಯೇ ಅಚ್ಚಾಯಿತು. ಕೆಂಪು ಮಾಯವಾಯಿತು. ಮಾವನ ಋಣ ತೀರಿಸಿದೆನೆಂದು ಎದೆಯುಬ್ಬಿಸಿಕೊಂಡು ಎರಡು ಟೀ ಕುಡಿದೆ. ಮಾವನಿಗೆ ಹೇಳಲಿಲ್ಲ. ಉಪಕಾರ ಮಾಡಿದವನು ಡಂಗುರ ಸಾರಬಾರದಲ್ಲ. ಮುಚ್ಚಳ ಯಾರ ಕಡೆಗಿದೆಯೆಂದು ನೋಡಲು ಅವರು ಹೋಗುವಾಗಲೂ ಬರುವಾಗಲೂ ಅಲ್ಲಿ ನಿಲ್ಲುತ್ತಿದ್ದರು. ನಾನೂ ಪ್ರತಿ ಸಲ ಟೈರು ತಪಾಸಣೆ ಮಾಡಿಸುತ್ತಿದ್ದೆ.

ಮೂರು ತಿಂಗಳಾದ ಮೇಲೆ ಮ್ಯಾನೇಜರ್ ಒಂದು ಹಾಳೆ ಹಿಡಿದು ಬಂದರು. "ಇಪ್ಪತ್ತೆರಡು ಸಲ ಟೈರು ನೋಡಿಸಿದಾರೆ. ಹತ್ತು ಟೈರಿಗೆ ಇಪ್ಪತ್ತೆರಡು ತಪಾಸಣೆ. ಒಂದೋ ಟೈರು ಕೆಟ್ಟಿದೆ, ಇಲ್ಲಾ ಮನುಷ್ಯ." ಅಲ್ಲಿಂದಲೇ ಪಂಕ್ಚರ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ನಿಯತ್ತಿನ ಮನುಷ್ಯ. "ಆ ಅಣ್ಣ ಒಂಬತ್ತು ವರ್ಷದಲ್ಲಿ ನನಗೆ ಒಂದು ಟೈರೂ ತೋರಿಸಿಲ್ಲ ಸಾರ್" ಎಂದರು.

ಮಾವನನ್ನು ಕರೆಸಿದರು. ನಾನು ಗಾಜಿನ ಗೋಡೆಯ ಈಚೆ ನನ್ನ ಕುರ್ಚಿಯಲ್ಲೇ ಇದ್ದೆ. ಬಾಗಿಲು ಅರೆ ತೆರೆದಿತ್ತು.

"ಟೈರು ತಪಾಸಣೆ ಅಂತ ಹೇಳಿದ್ದು ನೀವೇನಾ?"

ಮಾವ ಹಾಳೆಯನ್ನು ನೋಡಿದರು. ಕೆಳಗೆ ನಮೂದಿಸಿದವರು ಎಂಬಲ್ಲಿ ನನ್ನ ಹೆಸರಿತ್ತು. ತಲೆಯೆತ್ತಿ ಗಾಜಿನಾಚೆ ನನ್ನನ್ನು ನೋಡಿದರು. ನಾನು ಪರದೆಯ ಚುಕ್ಕೆಗಳಲ್ಲಿ ಮುಳುಗಿಹೋದೆ. ಅಷ್ಟು ಶ್ರದ್ಧೆಯಿಂದ ನಾನು ಎಂದೂ ಕೆಲಸ ಮಾಡಿದ್ದಿಲ್ಲ.

"ಹೌದು ಸಾರ್, ನಾನೇ ಹೇಳಿದ್ದು."

"ಟೈರು ಬದಲಾಯಿಸಿ ಮಾರ್ತಿದ್ರಾ?"

"ಇಲ್ಲ."

"ಮತ್ತೆ ಏನು ಮಾಡ್ತಿದ್ರಿ ಅಲ್ಲಿ?"

"ಸುಮ್ನೆ ನಿಲ್ಲಿಸ್ತಿದ್ದೆ ಸಾರ್. ಕಾಲು ಹಿಡಿಯುತ್ತೆ."

ಎದ್ದು ಹೋಗಿ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಪ್ರೊಬೇಷನ್ ಅವಧಿ ಮುಗಿಯಲು ಹನ್ನೊಂದು ದಿನವಿತ್ತು. ಅದು ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಮುಗಿಯಿತು. ಇಂಕ್ರಿಮೆಂಟ್ ಆದ ಮೇಲೆ ಎಂದುಕೊಂಡೆ.

ಮಾವನನ್ನು ಹೆದ್ದಾರಿಯಿಂದ ಇಳಿಸಿ ಯಾರ್ಡಿಗೆ ಹಾಕಿದರು. ಗೇಟಿನೊಳಗೆ ಟ್ರೈಲರುಗಳನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಎಳೆದು ನಿಲ್ಲಿಸುವ ಕೆಲಸ. ಸಂಜೆ ಆರಕ್ಕೆ ಮನೆ. ಪುದೀನದ ಡಬ್ಬಿ ಅಡುಗೆಮನೆಯ ಕಿಟಕಿಗೆ ಬಂತು. "ಬೆಳಿಗ್ಗೆ ಒಗೆದ ಬನಿಯನ್ನು ಸಂಜೆಯಾದ್ರೂ ಒಣಗಲ್ಲ ಅಂತಾರೆ, ಇವರನ್ನು ಏನು ಮಾಡ್ಲಿ?" ಎಂದು ಅತ್ತೆ ನನ್ನ ಹತ್ತಿರ ನಕ್ಕರು. ಆ ಮನೆಯಲ್ಲಿ ನಕ್ಕವರು ಅವರೊಬ್ಬರೇ. ಮಾವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ತಿಂಗಳು ಕಳೆದ ಮೇಲೆ ತಾವಾಗಿಯೇ ಕೇಳಿದರು. "ಭಾನುವಾರ ಬಿಡುವಿದೆಯಾ? ಮುಚ್ಚಳ ನನ್ನ ಕಡೆಗಿದೆ. ಕುದುರೆ ಬಿಡಿಸಿಕೊಳ್ಳೋ ದಾರಿ ಸಿಕ್ತು." ಚೀಟಿಯ ಮೇಲೆ ಮಣೆ ಬರೆದು, ಕುದುರೆ ಎಲ್ಲಿಂದ ಎಲ್ಲಿಗೆ ಎಂದು ಬಾಣದ ಗುರುತು ಹಾಕಿಕೊಟ್ಟರು. "ಒಂದೇ ನಡೆ. ಆಮೇಲೆ ಮುಚ್ಚಳ ಸರಿಸು. ಮರೀಬೇಡ."

ಬಸ್ಸಿನಲ್ಲಿ ಐದು ಗಂಟೆ. ಅಣ್ಣನ ಕಂಪನಿಯಿಂದ ಬಂದವನೆಂದು ಅಂಗಡಿಯವರಿಗೆ ಹೇಳಿದೆ. ಹಲಗೆ ಟ್ಯೂಬುಗಳ ರಾಶಿಯ ಪಕ್ಕದಲ್ಲೇ ಇತ್ತು. ಆದರೆ ಟ್ಯಾಂಕರಿನವರ ರಾಜ, ಆ ಉದ್ದನೆಯ ಬೋಲ್ಟು, ಮಣೆಯ ಮೇಲೆ ಅಡ್ಡ ಮಲಗಿತ್ತು.

"ನಾಲ್ಕು ಸಲ ಬಂದು ನೋಡಿದ್ರು" ಎಂದರು ಅಂಗಡಿಯವರು. "ಮುಚ್ಚಳ ಇದ್ದಲ್ಲೇ ಇತ್ತು. 'ಅಣ್ಣ ಬದುಕಿದ್ರೆ ಬಿಡೋರಲ್ಲ, ಹೋಗಿಬಿಟ್ಟಿದಾರೆ' ಅಂದ್ರು. ಈ ಆಟ ಅಣ್ಣಂದೇ ಅಂತ ತಮ್ಮ ರಾಜನ್ನ ತಾವೇ ಮಲಗಿಸಿದ್ರು. ಅವರಿಗೂ ದಾರಿ ಬದಲಾಗಿದೆ, ಇನ್ನು ಈ ಕಡೆ ಬರಲ್ಲ." ಕೈಯ ಮಸಿ ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. "ಅವತ್ತು ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ರಲ್ಲ, ಯಾರೋ ಅಣ್ಣನ ತಲೆಗೆ ಟೈರಿನ ಕತೆ ಕಟ್ಟಿದಾರೆ. ಯಾರು ಅಂತ ಗೊತ್ತಾಯ್ತಾ?"

"ವಿಚಾರಿಸ್ತಿದೀವಿ" ಎಂದೆ.

ಚೀಟಿ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮನೆಗೆ ಬಂದು ಇದ್ದದ್ದನ್ನು ಹೇಳಿದೆ, ಕೊನೆಯ ಪ್ರಶ್ನೆ ಮತ್ತು ಉತ್ತರವನ್ನು ಬಿಟ್ಟು. ಮಾವ ಪುದೀನಕ್ಕೆ ನೀರು ಹಾಕುತ್ತಿದ್ದರು.

"ರಾಜನ್ನ ಎತ್ತಿ ನಿಲ್ಲಿಸಿದ್ಯಾ?"

"ಇಲ್ಲ ಮಾವ. ಅವರು ಸೋತೆ ಅಂತ ಮಲಗಿಸಿದ್ರಲ್ಲ. ನೀವು ಗೆದ್ರಿ."

"ಅವನ ಮಂತ್ರಿ ಇನ್ನೂ ಮಣೆ ಮೇಲಿತ್ತು. ಸೋಲೋ ಆಟ ಅಲ್ಲ ಅದು." ಒಣಗಿದ ಎಲೆಯೊಂದನ್ನು ಚಿವುಟುತ್ತ ಕೇಳಿದರು, "ನಾನು ಬದುಕಿದೀನಿ ಅಂತಾದ್ರೂ ಅಂಗಡಿಯವನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಬಸ್ಸು ತಪ್ಪಿಹೋಗುತ್ತದೆಂದು ಅವಸರದಲ್ಲಿ ಹೊರಟಿದ್ದೆ. ಹಾಗೆಂದು ಮಾವನಿಗೆ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

"ಕೊಡು ಚೀಟಿ" ಎಂದರು. ಕೊಟ್ಟೆ. ಮಡಿಸಿ, ಡಬ್ಬಿ ಅಲುಗಾಡದಂತೆ ಅದರ ಅಡಿಗೆ ಒತ್ತಿಟ್ಟರು.

ಮಾವನ ಲಾರಿಯನ್ನು ಈಗ ಹೊಸಬನೊಬ್ಬ ಓಡಿಸುತ್ತಾನೆ. ಪಂಕ್ಚರ್ ಅಂಗಡಿಯನ್ನು ಅರವತ್ತರ ವೇಗದಲ್ಲಿ ದಾಟುತ್ತಾನೆ. ಚುಕ್ಕೆ ಅಲ್ಲಿ ಹಳದಿ ಸಹ ಆಗುವುದಿಲ್ಲ. ಆ ದಾರಿಯಲ್ಲಿ ಒಂದೂ ಕೆಂಪಿಲ್ಲವೆಂದು ಮ್ಯಾನೇಜರ್ ಕಳೆದ ವಾರ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಕಿಟಕಿಯಾಚೆ ಮಾವ ಒಂದು ಟ್ರೈಲರನ್ನು ಮೂರನೇ ಸಾಲಿನಿಂದ ಐದನೇ ಸಾಲಿಗೆ ಎಳೆಯುತ್ತಿದ್ದರು. ಯಾರ್ಡಿನ ಗಾಡಿಗೆ ಜಿಪಿಎಸ್ ಹಾಕಿಲ್ಲ.