ಹೂ ಕೀಳುವ ನೆಪ

ನಮ್ಮ ಜಯನಗರದಲ್ಲಿ ಬೆಳಗಿನ ವಾಕಿಂಗಿಗೆ ಹೊರಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಕಂಡವರ ಕಾಂಪೌಂಡಿನಿಂದ ಆಚೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ಎಲ್ಲವೂ ದೇವರ ಹೆಸರಿನಲ್ಲಿ ಅದರೊಳಗೆ ಬೀಳುತ್ತವೆ. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ, ಹೂ ಕಳೆದುಕೊಂಡವರ ಹೊರತು. ನನ್ನ ಯಜಮಾನರಿಗೆ ಆ ಚಟ ಇರಲಿಲ್ಲ. ಅವರ ಚಟ ಸಿಗರೇಟು. ಅದಕ್ಕೆ ನನ್ನಿಂದ ದಿನಾ ಮಂಗಳಾರತಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕವರ್ ಹಿಡಿದು ಹೊರಟರು.

ನಾಲ್ಕು ಮನೆಗೊಮ್ಮೆ ನಿಲ್ಲುವುದು, ಗೇಟಿನ ಕಂಬಕ್ಕೆ ಕೈಯೂರಿ ಒಂದೊಂದೇ ಹೂವನ್ನು ನಿಧಾನವಾಗಿ ಕೀಳುವುದು. ಜೊತೆಯಲ್ಲಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಎದುರು ಸಾಲಿನ ಮನೆಯಾಕೆ ನನ್ನನ್ನೇ ತಡೆದು, "ಏನ್ರೀ, ನಿಮ್ಮ ಯಜಮಾನ್ರು ನಮ್ಮ ಗಿಡದಲ್ಲಿ ಒಂದು ಮೊಗ್ಗೂ ಬಿಡಲ್ವಲ್ಲ!" ಎಂದರು.

"ಮಾನ ಕಳೀಬೇಡ್ರೀ. ನಡೆಯೋಕೆ ಬಂದ್ರೆ ನಡೀರಿ!" ಎಂದು ಬೀದಿಯಲ್ಲೇ ಕೂಗಾಡಿದೆ. ಅವರು ಮಾರನೆಯ ದಿನವೂ ಕವರ್ ಹಿಡಿದರು.

ಹೀಗೇ ಎರಡು ವರ್ಷ ನಡೆದ ಮೇಲೆ, ಒಂದು ಮಳೆಗಾಲದಲ್ಲಿ ಹೊಸ ಚಪ್ಪಲಿ ಕಚ್ಚಿ ಅವರ ಬಲಗಾಲಿನ ಹೆಬ್ಬೆರಳಿಗೆ ಗಾಯವಾಯಿತು. ಅರಿಶಿನ ಹಚ್ಚಿದೆ. ತಿಂಗಳಾದರೂ ಮಾಯಲಿಲ್ಲ. ಅವರಿಗೆ ಮೊದಲಿಂದಲೂ ಸಕ್ಕರೆ ಕಾಯಿಲೆ, ಅಂಥವರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾದೆ. ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಸಿಗಲಿಲ್ಲ. ನಾನೂ ಮುಟ್ಟಿದೆ. ತಣ್ಣಗಿತ್ತು. ಮೊಣಕಾಲಿನ ಕೆಳಗೆ ಕೂದಲೇ ಉಳಿದಿರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದವಳು ಅದನ್ನು ಅವತ್ತು ಮೊದಲ ಸಲ ನೋಡಿದೆ.

"ನಡೆದ್ರೆ ಮೀನಖಂಡ ಹಿಡ್ಕೊಳ್ತಿತ್ತಾ ಸಾರ್?" ಎಂದು ಡಾಕ್ಟರು ಕೇಳಿದರು.

"ನಾಲ್ಕು ಮನೆ ದಾಟೋದ್ರಲ್ಲಿ ಹಿಡ್ಕೊಳ್ಳೋದು. ಎರಡು ನಿಮಿಷ ನಿಂತ್ರೆ ಬಿಡೋದು. ಸುಮ್ನೆ ರಸ್ತೇಲಿ ಹೇಗೆ ನಿಲ್ಲೋದು ಅಂತ ಹೂ ಕೀಳ್ತಿದ್ದೆ."

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ, ಕೂದಲು ಉದುರಿದ್ದೂ ಅದಕ್ಕೇ ಎಂದರು ಡಾಕ್ಟರು. ನೋವು ಶುರುವಾದಾಗಲೇ ಬಂದು, ಸಿಗರೇಟು ಬಿಟ್ಟು, ಸಕ್ಕರೆ ಹತೋಟಿಯಲ್ಲಿಟ್ಟು ಔಷಧಿ ಶುರು ಮಾಡಿದ್ದರೆ ಬಹುಶಃ ಕಾಲು ಉಳಿಯುತ್ತಿತ್ತಂತೆ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಹೊರಗೆ ಬಂದು ಕೇಳಿದೆ.

"ಹೇಳಿದ್ರೆ ನೀನು ಸಿಗರೇಟಿಂದಾನೇ ಅಂತ ಶುರು ಮಾಡ್ತಿದ್ದೆ. ಅದಕ್ಕಿಂತ ಹೂವಿಗೆ ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು ಕಣೆ."

ನನ್ನ ನಾಲಿಗೆ ಚೂಪು ಎಂದು ತವರಿನಲ್ಲೂ ಹೇಳುತ್ತಿದ್ದರು. ನನಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಆ ಕಾರಿಡಾರಿನಲ್ಲಿ ನಿಂತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸಿಟ್ಟೂ ಬಂತು, ಅವರ ಮೇಲೆ. ಗಂಡಸಿಗೆ ಹೆಂಡತಿಯ ಬೈಗುಳಕ್ಕಿಂತ ಕಾಲು ಹೆಚ್ಚಲ್ಲವೇ?

ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎಡಗಾಲಿನಲ್ಲೂ ಅದೇ ರೋಗ ಶುರುವಾಗಿದೆ. ದಿನಾ ಪಾದ ನೋಡಿ, ನೋವು ಎಂದರೆ ತಕ್ಷಣ ಕರೆತನ್ನಿ ಎಂದಿದ್ದಾರೆ. ಬೆಳಿಗ್ಗೆ ಕಾಫಿಯಾದ ಮೇಲೆ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದುಗಳನ್ನೆಲ್ಲ ನೋಡುತ್ತೇನೆ. "ನೋವಿದೆಯಾ ರೀ?" ಎಂದು ಆದಷ್ಟು ಮೆತ್ತಗೆ ಕೇಳುತ್ತೇನೆ.

ಅವರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ, "ಇಲ್ಲ ಕಣೆ" ಎನ್ನುತ್ತಾರೆ.