ಸೂತಕದ ಮನೆಯ ಮುದ್ದೆ

ಹಂಗಳದ ತವಮಣಿ ಚಿಕ್ಕ ಹುಡುಗಿಯಾಗಿದ್ದಾಗ ಶ್ರೀಲಂಕಾದ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದವಳು. ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ಅರಿಸಿನದ ಹೊಲದ ಕೆಲಸಕ್ಕೆ ತಾಯಿಯೊಡನೆ ಇಲ್ಲಿಗೆ ಬಂದು, ಇದೇ ಊರಿನ ಮಾದೇಶನನ್ನು ಮದುವೆಯಾಗಿ ಉಳಿದಳು. ಬಂದ ಹೊಸತರಲ್ಲೇ ತಾಯಿ ತೀರಿಕೊಂಡಳು.

ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ಊಟ ತರಬೇಕು. ಹಾಗೆ ಊಟ ಬಂದ ಮನೆ ಊರಿನ ಮನೆ, ಅದರ ಸಾವು ಊರಿನ ಸಾವು. ತಾಯಿ ಸತ್ತ ದಿನ ಪಕ್ಕದ ಮನೆಯ ಸಣ್ಣತಾಯಮ್ಮ ರಾಗಿಮುದ್ದೆ ತಂದಿದ್ದರು. ತವಮಣಿ ಅದನ್ನು ಅಗಿದು ಅಗಿದು ಹಲ್ಲಿಗೆಲ್ಲ ಅಂಟಿಸಿಕೊಂಡಿದ್ದಳು. "ನುಂಗ್ಬೇಕು ಕಣಮ್ಮಿ" ಎಂದು ಅವರು ಬೆನ್ನು ಸವರಿದ್ದರು.

ಈ ಮಾಘದಲ್ಲಿ ಊರಾಚೆಯ ಶೆಡ್ಡಿನಲ್ಲಿ ಜಾರ್ಖಂಡದ ಕೂಲಿಯಾಳು ಸೋಮ್ರಾ ಜ್ವರದಿಂದ ಸತ್ತ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಓಡಾಡುತ್ತಿದ್ದ ದಿನಗಳು ಅವು. ಪರದೇಶಿಗಳ ಹೆಣಕ್ಕೆ ಊರ ಸ್ಮಶಾನದಲ್ಲಿ ಜಾಗ ಕೊಡಬಾರದೆಂದು ಅರಳಿಕಟ್ಟೆಯಲ್ಲಿ ಮಾತಾಯಿತು. ಊರ ಯಜಮಾನ ಮರಿಯಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ತವಮಣಿ ವಾದಕ್ಕೆ ಹೋಗಲಿಲ್ಲ. ಮನೆಗೆ ಬಂದು ಎಸರಿಟ್ಟಳು. ಮುದ್ದೆ ಕಟ್ಟಿ, ಹುರುಳಿಸಾರು ಮಾಡಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಹಿಂದಿನ ದಾರಿ ಬಿಟ್ಟು ಕಟ್ಟೆಯ ಮುಂದೆಯೇ ನಡೆದಳು.

"ಮರ್ತೇ ಓಗಿತ್ತು, ನೀನೂ ಪರ್ದೇಸಿನೇ, ದೋಣೀಲಿ ಬಂದೋಳಲ್ವಾ" ಎಂದ ಕಟ್ಟೆಯ ಮೇಲಿದ್ದ ಶಾಂತರಾಜು.

"ಊಂ ಕಣಣ್ಣ. ಬಂದಾಗ ಈ ಊರು ಉಣ್ಣಾಕಿಕ್ತು. ಅದ್ನೇ ಒತ್ಕೊಂಡು ಓಯ್ತಾವ್ನಿ."

"ಅವ್ರ ಪಕ್ಕದ್ ಮನೆ ನಿಂದಾ?"

"ಇವತ್ತಿಂದ ನಂದೇ."

ತಮ್ಮ ಬಾಗಿಲಲ್ಲಿ ಕುಳಿತಿದ್ದ ಸಣ್ಣತಾಯಮ್ಮ ಕೋಲೂರಿ ಎದ್ದರು. "ಸಾರಿನ್ ಪಾತ್ರೆ ನಂಗ್ ಕೊಡಮ್ಮಿ, ತುಳುಕುಸ್ಬುಟ್ಟಿಯೆ."

ಶೆಡ್ಡಿನ ಬಾಗಿಲಲ್ಲಿ ಸೋಮ್ರಾನ ಜೊತೆ ಕೂಲಿಗೆ ಬಂದಿದ್ದವನೊಬ್ಬ ನಿಂತಿದ್ದ. ಒಳಗೆ ಸೋಮ್ರಾನ ಹೆಂಡತಿ ಫೂಲ್ಮಣಿ ಹೆಣದ ಹತ್ತಿರ ಕುಳಿತಿದ್ದಳು. ಬಲವಂತಕ್ಕೆ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ಅವಳ ಭಾಷೆ ತವಮಣಿಗೆ ಬಾರದು. ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ತಾನೇ ನುಂಗಿ ತೋರಿಸಿದಳು. ಫೂಲ್ಮಣಿಯೂ ನುಂಗಿದಳು. ಆಮೇಲೆ, ಬೆಳಗಿನಿಂದ ಅಳದಿದ್ದವಳು, ಅತ್ತಳು.

ಹೊತ್ತು ಇಳಿಯುವ ಮುಂಚೆ ಮರಿಯಪ್ಪ ಬಂದರು, ಹಿಂದೆ ಶಾಂತರಾಜು. ಮರಿಯಪ್ಪ ಬುಟ್ಟಿಯನ್ನು ನೋಡಿ ಶಾಂತರಾಜುವಿನ ಕಡೆ ತಿರುಗಿದರು.

"ಊಟ ಬಂದ್ಮೇಲೆ ಊರ್ ಸಾವೇ ಆಯ್ತಲ್ಲ. ಗುದ್ದಲಿ ತಕ್ಕೊಂಡ್ ಬಾ ಓಗ್ಲಾ. ತವಮಣಿ ಅವ್ವನ್ ಪಕ್ಕದಲ್ಲಿ ಜಾಗ ಅದೆ."

ಶಾಂತರಾಜು ಎರಡು ಗುದ್ದಲಿ ತಂದ. ಒಂದನ್ನು ಸೋಮ್ರಾನ ಜೊತೆಗಾರನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಹೆಗಲಿಗೇರಿಸಿದ.